ಹಳೆಯ ಎಂಟರ್‌ಪ್ರೈಸ್ ಹಾಯಿದೋಣಿ: ಸಾಗರ ಪಟ್ಟಣದಲ್ಲಿ ನಾನು ಮಾಡಿದ ದುರಸ್ತಿ

ಪ್ಲೈವುಡ್ಡಿನ ಹಳೆಯ ದೋಣಿ ಸೋರತೊಡಗಿದರೆ ಮೇಲೊಂದು ಪದರ ಫೈಬರ್‌ಗ್ಲಾಸ್ ಹೊದಿಸಿಬಿಡಿ ಎಂದು ಹೇಳುವವರೇ ಹೆಚ್ಚು. ಅಂಥ ದೋಣಿಯೊಂದನ್ನು ಸಾಗರದ ನಮ್ಮ ಮನೆಯ ಕೊಟ್ಟಿಗೆಯಲ್ಲಿಟ್ಟು ಸರಿಪಡಿಸಿ, ಈಗ ಅನುಮತಿ ಪಡೆದು ಶರಾವತಿಯ ಹಿನ್ನೀರಿನಲ್ಲಿ ಓಡಿಸುತ್ತಿರುವ ನಾನು ಈ ಮಾತನ್ನು ಒಪ್ಪುವುದಿಲ್ಲ. ಮರ ಪೂರ್ತಿ ಒಣಗುವವರೆಗೆ ಅದರ ಮೇಲೆ ಏನನ್ನೂ ಹಚ್ಚಬಾರದು. ಮಲೆನಾಡಿನಲ್ಲಿ ಈ ನಿಯಮಕ್ಕೆ ವಿನಾಯಿತಿಯೇ ಇಲ್ಲ.

ದೋಣಿ ಎಂಟರ್‌ಪ್ರೈಸ್ ಮಾದರಿಯದು. ಇಂಗ್ಲೆಂಡಿನ ಜಾಕ್ ಹೋಲ್ಟ್ 1956ರಲ್ಲಿ ರೂಪಿಸಿದ, ಇಬ್ಬರು ನಡೆಸುವ, 4.04 ಮೀಟರ್ ಉದ್ದದ ಈ ದೋಣಿಯನ್ನು ಅದರ ನೀಲಿ ಹಾಯಿಗಳಿಂದಲೇ ಗುರುತಿಸಬಹುದು. ಮನೆಯಲ್ಲೇ ಕಟ್ಟಿಕೊಳ್ಳಲು ಅನುಕೂಲವಾಗಲೆಂದು ಇದನ್ನು ಚಪ್ಪಟೆ ಪ್ಲೈವುಡ್ ಹಲಗೆಗಳಿಂದ ರಚಿಸಲಾಗಿತ್ತು. ಹಾಗಾಗಿ ಯಾವುದೇ ಭಾಗವನ್ನು ಕತ್ತರಿಸಿ ತೆಗೆದು, ಅದೇ ಅಳತೆಯ ಹೊಸ ಹಲಗೆಯನ್ನು ಕೂರಿಸಲು ಸಾಧ್ಯ. ಪೂರ್ತಿ ಫೈಬರ್‌ಗ್ಲಾಸಿನ ದೋಣಿಗಿಂತ ನನಗೆ ಇದು ಹೆಚ್ಚು ಇಷ್ಟವಾಗಲು ಇದೂ ಒಂದು ಕಾರಣ.

ನನ್ನ ಕೈಗೆ ಬರುವ ಮುಂಚೆಯೇ ಯಾರೋ ಇದರ ತಳಕ್ಕೆ ಪಾಲಿಯೆಸ್ಟರ್ ರೆಸಿನ್ನಿನಲ್ಲಿ (ಹಚ್ಚಿದ ಮೇಲೆ ಗಟ್ಟಿಯಾಗುವ ಅಂಟುದ್ರವ) ಫೈಬರ್ ಹೊದಿಸಿದ್ದರು. ಹಲಸಿನ ಕಾಯಿಯನ್ನು ತಟ್ಟಿ ನೋಡುವಂತೆ ಸ್ಕ್ರೂಡ್ರೈವರಿನ ಹಿಡಿಯಿಂದ ತಳವನ್ನೆಲ್ಲ ತಟ್ಟುತ್ತಾ ಹೋದೆ. ಗಟ್ಟಿ ಮರ ಚುರುಕಾಗಿ ಸದ್ದು ಮಾಡಿದರೆ, ಸೆಂಟರ್‌ಬೋರ್ಡಿನ (ದೋಣಿ ಪಕ್ಕಕ್ಕೆ ಜಾರದಂತೆ ತಳದಿಂದ ನೀರಿಗಿಳಿಸುವ ಹಲಗೆ) ಪೆಟ್ಟಿಗೆಯ ಸುತ್ತ ಮತ್ತು ಹಿಂಬದಿಯ ಹಲಗೆಯ ಮೂಲೆಗಳಲ್ಲಿ ಮಂದವಾದ ಸದ್ದು ಬಂತು. ಅಲ್ಲಿ ಫೈಬರಿನ ಅಂಚಿಗೆ ಉಳಿ ತೂರಿಸಿದಾಗ ಅದು ಅಂಗೈ ಅಗಲದ ಹಾಳೆಯಾಗಿ ಎದ್ದು ಬಂತು. ಅದರ ಒಳಮೈ ನುಣುಪಾಗಿತ್ತು, ಮರದ ಒಂದು ಎಳೆಯೂ ಅಂಟಿಕೊಂಡಿರಲಿಲ್ಲ. ಕೆಳಗಿನ ಪ್ಲೈ ಕಪ್ಪಾಗಿ, ಬೆರಳಿನಿಂದ ಒತ್ತಿದರೆ ನೀರು ಒಸರುತ್ತಿತ್ತು. ಪಾಲಿಯೆಸ್ಟರ್ ಮರವನ್ನು ಬಲವಾಗಿ ಹಿಡಿಯುವುದಿಲ್ಲ. ಬಿರುಕಿನಲ್ಲಿ ಒಳಹೊಕ್ಕ ನೀರಿಗೆ ಹೊರಬರುವ ದಾರಿಯಿಲ್ಲದೆ ಹೊದಿಕೆಯ ಅಡಿಯಲ್ಲೇ ಶಿಲೀಂಧ್ರ ಬೆಳೆದು ಮರ ಕೊಳೆಯುತ್ತದೆ.

ತಳದ ಹೊದಿಕೆಯನ್ನೆಲ್ಲ ಕಿತ್ತು, ದೋಣಿಯನ್ನು ಮಗುಚಿ, ಅಡಿಯಲ್ಲಿ ಗಾಳಿಯಾಡುವಂತೆ ಅಡಿಕೆ ಮರದ ತುಂಡುಗಳ ಮೇಲೆ ಎತ್ತರಿಸಿಟ್ಟೆ. ಮಳೆಗಾಲವಿಡೀ ಅದನ್ನು ಮುಟ್ಟಲಿಲ್ಲ. ಚಳಿಗಾಲದ ಇಬ್ಬನಿಯೂ ಕಳೆದು ಬಿಸಿಲು ಬಲಿತ ಮೇಲೆ, ತೇವಮಾಪಕ ಶೇಕಡಾ 12ಕ್ಕಿಂತ ಕೆಳಗೆ ತೋರಿಸಿದಾಗ ಕೆಲಸ ಶುರುಮಾಡಿದೆ. ಕೊಳೆತ ಭಾಗವನ್ನು ಕತ್ತರಿಸುವಾಗ ಕಪ್ಪು ಬಣ್ಣ ಮುಗಿದಲ್ಲಿಗೆ ನಿಲ್ಲಿಸದೆ, ಗಟ್ಟಿ ಮರದೊಳಕ್ಕೂ ಸ್ವಲ್ಪ ದೂರ ಹೋಗಬೇಕು.

ಹೊಸ ಹಲಗೆಗೆ ಭಾರತೀಯ ಮಾನಕವಾದ ಐಎಸ್ 710 ಗುರುತಿರುವ ಮರೀನ್ ಪ್ಲೈಯನ್ನೇ ತಂದೆ. ಅಂಗಡಿಗಳಲ್ಲಿ ‘ವಾಟರ್‌ಪ್ರೂಫ್’ ಎಂದು ಮಾರುವ ಎಲ್ಲವೂ ಅದಲ್ಲ. ಅಂಚನ್ನು ನೋಡಿ, ನಡುವಿನ ಪದರಗಳಲ್ಲಿ ಸಂದುಗಳಿದ್ದರೆ ಬಿಟ್ಟುಬಿಡಬೇಕು. ಹಳೆಯ ಹಲಗೆಗೂ ಹೊಸತಕ್ಕೂ ಒಂದಕ್ಕೆ ಎಂಟರ ಇಳಿಜಾರು ಕೊಟ್ಟು ಬೆಸೆದೆ, ಅಂದರೆ 6 ಮಿ.ಮೀ. ದಪ್ಪದ ಪ್ಲೈಗೆ 48 ಮಿ.ಮೀ. ಅಗಲದ ಇಳಿಜಾರು. ಕೀಸುಳಿಯಿಂದ ಕೀಸುವಾಗ ಪ್ಲೈಯ ಪದರಗಳು ಪಟ್ಟಿಪಟ್ಟಿಯಾಗಿ ಕಾಣಿಸಿಕೊಳ್ಳುತ್ತವೆ. ಆ ಪಟ್ಟಿಗಳು ನೇರವಾಗಿಯೂ ಒಂದೇ ಅಗಲವಾಗಿಯೂ ಇದ್ದರೆ ಇಳಿಜಾರು ಸರಿಯಾಗಿದೆ ಎಂದರ್ಥ. ಅಳತೆಗೋಲಿಗಿಂತ ನಾನು ಅವುಗಳನ್ನೇ ನಂಬುತ್ತೇನೆ.

ಅಂಟಿಗೂ ಹೊದಿಕೆಗೂ ಮರವನ್ನು ಬಲವಾಗಿ ಹಿಡಿಯುವ ಎಪಾಕ್ಸಿ ರೆಸಿನ್ನನ್ನೇ ಬಳಸಿದೆ. ಎಪಾಕ್ಸಿಯ ಜೊತೆಗೆ ನೇಯ್ದ ಗ್ಲಾಸ್ ಬಟ್ಟೆ ಬೇಕು. ಸಾಮಾನ್ಯವಾಗಿ ಸಿಗುವ ಚಾಪ್ಡ್ ಸ್ಟ್ರಾಂಡ್ ಮ್ಯಾಟಿನ (ನೇಯದೆ, ಗಾಜಿನ ತುಂಡೆಳೆಗಳನ್ನು ಅಂಟಿಸಿ ಮಾಡಿದ ಹಾಸು) ಎಳೆಗಳನ್ನು ಹಿಡಿದಿಡುವ ಅಂಟು ಪಾಲಿಯೆಸ್ಟರ್ ರೆಸಿನ್ನಿನಲ್ಲಿರುವ ಸ್ಟೈರೀನ್‌ಗೆ ಕರಗುತ್ತದೆಯೇ ಹೊರತು ಎಪಾಕ್ಸಿಗೆ ಕರಗುವುದಿಲ್ಲ. ಬಿಳಿಯ ಬಟ್ಟೆ ರೆಸಿನ್ ಕುಡಿದು ಪಾರದರ್ಶಕವಾಗಿ, ಕೆಳಗಿನ ಮರದ ಎಳೆ ಕಾಣಿಸಿದರೆ ಸಾಕು. ಅದಕ್ಕಿಂತ ಹೆಚ್ಚು ಸುರಿದರೆ ತೂಕವಷ್ಟೇ ಹೆಚ್ಚುತ್ತದೆ. ತೇವದ ಗಾಳಿಯಲ್ಲಿ ಎಪಾಕ್ಸಿಯ ಮೇಲೆ ಜಿಡ್ಡಿನಂಥ ಪೊರೆ ಕಟ್ಟುವುದುಂಟು. ಮುಂದಿನ ಪದರಕ್ಕೆ ಮೊದಲು ಅದನ್ನು ನೀರು ಹಾಕಿ ಉಜ್ಜಿ ತೊಳೆದು, ಒಣಗಿಸಿ, ಆಮೇಲೆ ಮರಳು ಕಾಗದ ಹಾಕಬೇಕು. ಬಿಸಿಲು ಎಪಾಕ್ಸಿಯನ್ನು ಕೆಡಿಸುವುದರಿಂದ ಮೇಲೆ ಬಣ್ಣ ಕಡ್ಡಾಯ. ಅಂಚುಪಟ್ಟಿಗೆ ಸಾಗುವಾನಿ ಹಾಕಿದೆ. ಅದರಲ್ಲಿ ಎಣ್ಣೆಯಂಶವಿರುವುದರಿಂದ ಅಂಟು ಹಚ್ಚುವ ಮುಂಚೆ ಅಸಿಟೋನಿನಿಂದ ಒರೆಸಿಕೊಂಡೆ.

ಮಾಸ್ಟ್ (ಹಾಯಿಕಂಬ), ಚುಕ್ಕಾಣಿಗಳಿಗೆ ಹೆಚ್ಚೇನೂ ಬೇಕಾಗಲಿಲ್ಲ. ಮಾಸ್ಟನ್ನು ಹಿಡಿದಿಡುವ ಸ್ಟೀಲ್ ತಂತಿಗಳನ್ನು ಮಾತ್ರ ಎರಡು ಬೆರಳುಗಳ ನಡುವೆ ಬಟ್ಟೆಯಿಟ್ಟು ಎಳೆದು ನೋಡಿದೆ. ತುದಿಯ ಹಿಡಿಕೆಯ ಬಳಿ ಬಟ್ಟೆ ಸಿಕ್ಕಿಕೊಂಡಿತು, ಅಂದರೆ ಎಳೆಯೊಂದು ತುಂಡಾಗಿತ್ತು. ಹಾಗಾದ ತಂತಿಗೆ ದುರಸ್ತಿಯಿಲ್ಲ, ಬದಲಾಯಿಸಿದೆ. ಗಾಳಿಚೀಲಗಳನ್ನು ಊದಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆಯೂ ಬಿಗಿಯಾಗಿಯೇ ಇವೆಯೆಂದು ಖಾತ್ರಿಪಡಿಸಿಕೊಂಡೆ. ದೋಣಿ ಮಗುಚಿದಾಗ ತೇಲಿಸುವುದು ಅವುಗಳೇ.

ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ಕಣಿವೆಯ ಕಾಡು ಮುಳುಗಿದ್ದರಿಂದ, ಬೇಸಿಗೆಯಲ್ಲಿ ನೀರು ಇಳಿದಂತೆ ಹಳೆಯ ಮರದ ಬೊಡ್ಡೆಗಳು ಮೇಲ್ಮೈಗೆ ಸಮೀಪವಾಗುತ್ತವೆ. ಮೊನಚಾದ ಬೊಡ್ಡೆ ತೆಳು ಪ್ಲೈಯನ್ನು ಸೀಳಬಲ್ಲದು. ಅದಕ್ಕಾಗಿಯೇ ತಳದ ನಡುಗೆರೆಗೂ ಹಲಗೆಗಳು ಕೂಡುವ ಮಡಿಕೆಯ ಅಂಚುಗಳಿಗೂ ಎರಡು ಪದರ ಗ್ಲಾಸ್ ಹಾಕಿದ್ದೇನೆ. ಸೆಂಟರ್‌ಬೋರ್ಡ್ ಕೀಲಿನ ಮೇಲೆ ತಿರುಗುವಂಥದ್ದಾದ್ದರಿಂದ ಬೊಡ್ಡೆಗೆ ತಗುಲಿದರೆ ಮೇಲಕ್ಕೆ ಮಡಚಿಕೊಳ್ಳುತ್ತದೆ. ಆದರೂ ಏಪ್ರಿಲ್, ಮೇ ತಿಂಗಳುಗಳಲ್ಲಿ ದಡದ ಹತ್ತಿರ ಅದನ್ನು ಅರ್ಧಕ್ಕೆ ಎತ್ತಿಯೇ ಸಾಗುತ್ತೇನೆ. ಮಳೆ ಹಿಡಿಯುವ ಮುಂಚೆ ದೋಣಿಯನ್ನು ದಡಕ್ಕೆ ತಂದು, ಹಾಯಿಗಳನ್ನು ಸಿಹಿನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ಬೂಷ್ಟು ಹಿಡಿಯದಂತೆ ಸಡಿಲವಾಗಿ ಸುತ್ತಿ ಅಟ್ಟಕ್ಕೆ ಹಾಕುತ್ತೇನೆ. ತಳದ ನೀರು ಬಸಿಯುವ ಬಿರಡೆಗಳನ್ನು ಮಾತ್ರ ಮಳೆಗಾಲ ಮುಗಿಯುವವರೆಗೂ ತೆರೆದೇ ಇಟ್ಟಿರುತ್ತೇನೆ.