ಸಮುದ್ರ ಬಿಟ್ಟು ಕಾಫಿ ಕಣಕ್ಕೆ: ಹಿಪ್ನೋಥೆರಪಿಯಲ್ಲಿ ನನ್ನ ಅನುಭವ

ನನ್ನ ಹತ್ತಿರ ಬಂದ ಒಬ್ಬರು ವಿರಾಜಪೇಟೆ ಕಡೆಯ ಕಾಫಿ ಎಸ್ಟೇಟೊಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು. ಆರು ವರ್ಷದಿಂದ ಹೊಟ್ಟೆ ನುಲಿತ, ಉಬ್ಬರ, ಒಂದು ದಿನ ಭೇದಿ, ಮೂರು ದಿನ ಮಲಬದ್ಧತೆ. ರಕ್ತ ಪರೀಕ್ಷೆ, ಸ್ಕ್ಯಾನ್, ಎಂಡೋಸ್ಕೋಪಿ ಎಲ್ಲ ಮುಗಿದಿತ್ತು. ಡಾಕ್ಟರು ಐಬಿಎಸ್ ಅಂದಿದ್ದರು, ಅಂದರೆ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಕರುಳು ಹೀಗೆ ಕಾಡುವ ತೊಂದರೆ. ಮದುವೆಗೆ ಹೋದರೆ ಊಟಕ್ಕಿಂತ ಮೊದಲು ಟಾಯ್ಲೆಟ್ ಎಲ್ಲಿದೆ ಅಂತ ನೋಡಿಕೊಳ್ಳುತ್ತಿದ್ದರು. ಬಸ್ ಹತ್ತುವ ದಿನ ಬೆಳಿಗ್ಗೆ ಏನೂ ತಿನ್ನುತ್ತಿರಲಿಲ್ಲ.

ಮಡಿಕೇರಿಯಲ್ಲಿ ನಾನು ಹಿಪ್ನೋಥೆರಪಿ, ಅಂದರೆ ಸಮ್ಮೋಹನ ಚಿಕಿತ್ಸೆ, ಕೊಡುವ ಕೋಣೆಯಲ್ಲಿ ಕೂತು ಅವರು ಮೊದಲು ಕೇಳಿದ್ದು, "ಮೇಡಂ, ಎಚ್ಚರ ತಪ್ಪಿಸ್ತೀರಾ? ನಾನು ಏನೇನೋ ಹೇಳಿಬಿಟ್ಟರೆ?"

ಈ ಭಯ ಹತ್ತರಲ್ಲಿ ಒಂಬತ್ತು ಜನಕ್ಕೆ ಇರುತ್ತದೆ. ಸಮ್ಮೋಹನ ಅಂದರೆ ವಶೀಕರಣ ಅಂತಲೇ ನಮ್ಮಲ್ಲಿ ತಿಳಿದಿದ್ದಾರೆ. ಆದರೆ ಅದು ನಿದ್ದೆಯೂ ಅಲ್ಲ, ವಶವೂ ಅಲ್ಲ. 1840ರ ದಶಕದಲ್ಲಿ ಹಿಪ್ನಾಟಿಸಂ ಎಂಬ ಹೆಸರನ್ನು ರೂಢಿಗೆ ತಂದವರು ಸ್ಕಾಟ್ಲೆಂಡಿನ ಸರ್ಜನ್ ಜೇಮ್ಸ್ ಬ್ರೇಡ್. ಗ್ರೀಕಿನಲ್ಲಿ ಹಿಪ್ನೋಸ್ ಅಂದರೆ ನಿದ್ದೆ. ಆ ಹೆಸರು ಸರಿಯಿಲ್ಲ ಅಂತ ಮುಂದೆ ಅವರಿಗೇ ಅನ್ನಿಸಿತು. ಮನಸ್ಸು ಒಂದೇ ವಿಚಾರದ ಮೇಲೆ ನಿಲ್ಲುವುದು ಎಂಬ ಅರ್ಥದ ಬೇರೆ ಹೆಸರನ್ನೂ ಕೊಟ್ಟು ನೋಡಿದರು. ನನ್ನ ಅನುಭವಕ್ಕೆ ಹತ್ತಿರವಾದದ್ದು ಆ ಎರಡನೇ ಅರ್ಥವೇ. ನನ್ನ ಮಾತು ಅವರಿಗೆ ಕೇಳಿಸುತ್ತಲೇ ಇರುತ್ತದೆ. ಬೇಡ ಅನ್ನಿಸಿದರೆ ಕಣ್ಣು ಬಿಟ್ಟು ಎದ್ದು ಹೋಗಬಹುದು.

ಹೊಟ್ಟೆಗೂ ಮಿದುಳಿಗೂ ನರಗಳ ಮೂಲಕ ಸದಾ ಮಾತುಕತೆ ನಡೆಯುತ್ತಿರುತ್ತದೆ. ಐಬಿಎಸ್‌ನಲ್ಲಿ ಕರುಳಿನ ಸಣ್ಣ ಅಲುಗಾಟವೂ ದೊಡ್ಡ ನೋವಾಗಿ ಕಾಣುತ್ತದೆ. ಗಾಬರಿಯಾದರೆ ಅದು ಇನ್ನೂ ಜಾಸ್ತಿ. ಮನಸ್ಸು ಒಂದು ಕಡೆ ನಿಂತು, ಮೈ ಸಡಿಲವಾದಾಗ ಕೊಡುವ ಸೂಚನೆ ಈ ಮಾತುಕತೆಯ ದನಿಯನ್ನು ತಗ್ಗಿಸುತ್ತದೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ವೈದ್ಯರು 1984ರಲ್ಲೇ ಐಬಿಎಸ್ ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿ ಪ್ರಕಟಿಸಿದ್ದಾರೆ. ಹಿಪ್ನೋಥೆರಪಿಗೆ ಒಳ್ಳೆಯ ಆಧಾರ ಇರುವ ತೊಂದರೆಗಳಲ್ಲಿ ಇದೂ ಒಂದು.

ಮೊದಲ ದಿನ ನಾನು ತರಬೇತಿಯಲ್ಲಿ ಕಲಿತ ಹಾಗೇ ಶುರು ಮಾಡಿದೆ. ಸಮುದ್ರ ತೀರ, ಬೆಚ್ಚನೆ ಮರಳು, ಅಲೆಗಳು. ಅವರ ಹುಬ್ಬು ಗಂಟು ಹಾಕಿಕೊಂಡೇ ಇತ್ತು. ಆಮೇಲೆ ಹೇಳಿದರು, "ಸಮುದ್ರ ಒಂದೇ ಸಲ ನೋಡಿದ್ದು ಮೇಡಂ. ಅವತ್ತೂ ಹೊಟ್ಟೆ ಕೆಟ್ಟಿತ್ತು."

ಮೊದಲೇ ಕೇಳಬೇಕಿತ್ತು, ಅಲ್ವಾ? ಮುಂದಿನ ವಾರ ಕೇಳಿದೆ: ನಿಮಗೆ ಹಾಯೆನಿಸುವ ಜಾಗ ಯಾವುದು? ತಕ್ಷಣ ಅಂದರು, "ಕಣ. ಜನವರಿಯಲ್ಲಿ, ಮಧ್ಯಾಹ್ನ." ಹರವಿದ ಕಾಫಿಯನ್ನು ಬರಿಗಾಲಲ್ಲಿ ತಿರುವುತ್ತಾ ಹೋದರೆ ಮೇಲಿನ ಹಣ್ಣು ಬಿಸಿ, ಅಡಿಯದ್ದು ತಂಪು. ಒಣಗಿದ್ದು ಗಲಗಲ ಅನ್ನುತ್ತದೆ. ಇದನ್ನೆಲ್ಲ ಹೇಳುವಾಗಲೇ ಅವರ ಭುಜ ಇಳಿದಿತ್ತು. ನಾನು ಅದೇ ಮಾತುಗಳನ್ನು ನಿಧಾನವಾಗಿ ಅವರಿಗೇ ವಾಪಸ್ ಕೊಟ್ಟೆ. ಅಂಗೈ ಹೊಟ್ಟೆಯ ಮೇಲಿಡಿ, ಕಣದ ಬಿಸಿಲು ಕೈಯಿಂದ ಒಳಗೆ ಇಳಿಯಲಿ. ಐದಾರು ನಿಮಿಷಕ್ಕೆ ಉಸಿರು ಉದ್ದವಾಯಿತು. ಹೊಟ್ಟೆ ಗುಡುಗುಟ್ಟಿದ್ದು ನನಗೂ ಕೇಳಿಸಿತು. ಅವರು ಕಣ್ಣು ಬಿಡಲಿಲ್ಲ.

ಎಲ್ಲರಲ್ಲೂ ಹೀಗೆ ಆಗಲಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮನೆ ಕಳೆದುಕೊಂಡ ಅಕ್ಕ ಒಬ್ಬರು ನಿದ್ದೆ ಬರುವುದಿಲ್ಲ ಅಂತ ಬಂದಿದ್ದರು. ಹರಿಯುವ ತೋಡಿನ ಪಕ್ಕ ಕೂತಿದ್ದೀರಿ ಅಂದೆ. ಅವರು ಕುರ್ಚಿಯ ಕೈ ಹಿಡಿದುಕೊಂಡು ನಡುಗಿದರು. ತಕ್ಷಣ ನಿಲ್ಲಿಸಿ, ಪಾದ ನೆಲಕ್ಕೆ ಊರಲು ಹೇಳಿ, ಕೋಣೆಯಲ್ಲಿ ಕಾಣುವ ವಸ್ತುಗಳ ಹೆಸರು ಹೇಳಿಸಿದೆ. ತಪ್ಪು ನನ್ನದೇ. ಅವರಿಗೆ ಆ ಆಘಾತದ ಚಿಕಿತ್ಸೆ ಮೊದಲು ಬೇಕಿತ್ತು. ಹಾಗಾಗಿ ಅದನ್ನೇ ಮಾಡುವವರ ಹತ್ತಿರ ಕಳಿಸಿದೆ. ಈಗ ಜಾಗ, ನೀರು, ಕತ್ತಲೆ, ಎಲ್ಲವನ್ನೂ ಕೇಳಿಕೊಳ್ಳದೆ ಒಂದು ಮಾತೂ ಶುರು ಮಾಡುವುದಿಲ್ಲ.

ನೋವು, ಹಲ್ಲು ಕೀಳಿಸುವ ಭಯ, ಪರೀಕ್ಷೆಯ ಗಾಬರಿ, ಇವಕ್ಕೆ ಬೇರೆ ಚಿಕಿತ್ಸೆಯ ಜೊತೆಗೆ ಇದು ನೆರವಾಗುತ್ತದೆ. ಸಿಗರೇಟು ಬಿಡಿಸುವುದರಲ್ಲಿ ಆಧಾರ ಅಷ್ಟು ಗಟ್ಟಿಯಿಲ್ಲ, ಅದನ್ನು ಬಂದವರಿಗೆ ಹೇಳಿಯೇ ಶುರು ಮಾಡುತ್ತೇನೆ. ಗಂಡನ ಕುಡಿತ ಅವರಿಗೇ ಗೊತ್ತಿಲ್ಲದ ಹಾಗೆ ಬಿಡಿಸಿ ಅಂದರೆ ಆಗುವುದಿಲ್ಲ. ಮರೆತ ನೆನಪು ಕೆದಕುವ ಕೆಲಸಕ್ಕಂತೂ ನಾನು ಕೈ ಹಾಕುವುದಿಲ್ಲ. ಆ ಸ್ಥಿತಿಯಲ್ಲಿ ನಡೆಯದ್ದೂ ನಡೆದ ಹಾಗೆ ನೆನಪಾಗಿ ಕೂತುಬಿಡಬಹುದು. ಇಲ್ಲದ ದನಿ ಕೇಳಿಸುವವರನ್ನು ಮೊದಲು ಮನೋವೈದ್ಯರ ಹತ್ತಿರ ಕಳಿಸುತ್ತೇನೆ. ಮಲದಲ್ಲಿ ರಕ್ತ, ಸುಮ್ನೆ ತೂಕ ಇಳಿಯುವುದು ಇದ್ದರೆ ಮೊದಲು ಹೊಟ್ಟೆಯ ಡಾಕ್ಟರು.

ರೈಟರ್ ಎಂಟು ವಾರ ಬಂದರು. ನನ್ನ ದನಿಯನ್ನು ಮೊಬೈಲಿನಲ್ಲಿ ಹಿಡಿದುಕೊಂಡು ದಿನಾ ರಾತ್ರಿ ಕೇಳಿದರು. ಉಬ್ಬರ ಪೂರ್ತಿ ಹೋಗಿಲ್ಲ. ನುಲಿತ ವಾರಕ್ಕೊಮ್ಮೆಗೆ ಇಳಿದಿದೆ. ಕೊನೆಯ ಸಲ ಬಂದಾಗ ಬಸ್ ಸ್ಟ್ಯಾಂಡಿನಲ್ಲೇ ಇಡ್ಲಿ ತಿಂದು ಬಂದಿದ್ದರು. ಹೊರಡುವಾಗ ಬಾಗಿಲ ಹತ್ತಿರ ನಿಂತು ಕೇಳಿದರು, "ಮೇಡಂ, ಜೂನ್ ಬಂದರೆ ಕಣದಲ್ಲಿ ಬಿಸಿಲು ಎಲ್ಲಿ? ಮಳೆಗಾಲಕ್ಕೆ ಇನ್ನೊಂದು ಮಾಡಿಕೊಡಿ. ನಮ್ಮ ಅಡುಗೆಮನೆ ಒಲೆ ಪಕ್ಕದ್ದು."