ನಲಿಕಲಿ ಕ್ಲಾಸಲ್ಲಿ ಟ್ಯಾಬ್ ಬಳಸೋದು ಹೇಗೆ

ಶಾಲೆಗೆ ದಾನಿಗಳು ನಾಲ್ಕೈದು ಟ್ಯಾಬ್ ಕೊಟ್ಟಿದಾರೆ, ನಲಿಕಲಿ (ಕಾರ್ಡು, ಚಟುವಟಿಕೆ ಮೂಲಕ ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಕಲಿಯೋ ಪದ್ಧತಿ) ಆದ್ರಿಂದ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳೆಲ್ಲ ಒಂದೇ ರೂಮಲ್ಲಿದಾರೆ, ಏನ್ ಮಾಡೋದು ಅಂತ ಕೇಳೋ ಮೇಷ್ಟ್ರು ಮೇಡಂಗಳಿಗೆ ಮೊದಲು ಹೇಳೋದು ಇಷ್ಟೇ, ಎಲ್ಲರಿಗೂ ಒಂದೊಂದು ಇಲ್ಲ ಅಂತ ಬೇಜಾರ್ ಮಾಡ್ಕೋಬೇಡಿ. ಮೂರು ಮಕ್ಕಳಿಗೆ ಒಂದು ಇದ್ರೇನೇ ಒಳ್ಳೇದು, ಆಗ "ಅದಲ್ಲ ಕಣೋ, ಇದು" ಅಂತ ಒಬ್ಬರಿಗೊಬ್ಬರು ವಾದ ಮಾಡ್ತಾರೆ, ಕಲಿಕೆ ಆಗೋದು ಆ ವಾದದಲ್ಲೇ.

ಟ್ಯಾಬ್ ಇಡಬೇಕಾದ್ದು ಗೆಳೆಯರ ಸಹಾಯದಿಂದ ಕಲಿಯೋ ತಟ್ಟೆಯಲ್ಲಿ (ತಟ್ಟೆ ಅಂದ್ರೆ ಯಾರ ಸಹಾಯ ಎಷ್ಟು ಬೇಕು ಅಂತ ನೋಡಿ ಮಕ್ಕಳನ್ನ ಕೂರಿಸೋ ಗುಂಪು). ಶಿಕ್ಷಕರ ಸಹಾಯ ಬೇಕಾದ ತಟ್ಟೆ ಹತ್ರ ನಾವೇ ಕೂತಿರ್ತೀವಲ್ಲ, ಅಲ್ಲಿ ಅದರ ಕೆಲಸ ಇಲ್ಲ. ಹೊಸ ಅಕ್ಷರ, ಹೊಸ ಲೆಕ್ಕ ಯಾವತ್ತೂ ಟ್ಯಾಬಿಂದ ಶುರು ಮಾಡ್ಬೇಡಿ, ಕಾರ್ಡು, ಮಣಿ, ಕಡ್ಡಿ ಕಟ್ಟು ಎಲ್ಲ ಮುಗಿದ್ಮೇಲೆ ಅಭ್ಯಾಸಕ್ಕೆ ಟ್ಯಾಬ್, ಒಂದು ಗುಂಪಿಗೆ 15 ನಿಮಿಷ ಸಾಕು. ಬೇಗ ಮುಗಿಸಿದವರಿಗೆ ಬಹುಮಾನದ ಥರ ಕೊಟ್ರೆ ನಿಧಾನ ಕಲಿಯೋ ಮಗುಗೆ ಅದು ಸಿಗೋದೇ ಇಲ್ಲ, ನಿಜವಾಗ್ಲೂ ಬೇಕಾಗಿರೋದು ಆ ಮಗುಗೇ.

ನೆಟ್ ಕೆಲಸ ಎಲ್ಲ ಹಿಂದಿನ ದಿನವೇ ಮುಗಿಸ್ಕೊಳ್ಳಿ. ನಮ್ಮ ಪಠ್ಯಪುಸ್ತಕದಲ್ಲಿರೋ ಕ್ಯೂಆರ್ ಕೋಡನ್ನ ಸರ್ಕಾರದ ದೀಕ್ಷಾ ಆ್ಯಪಲ್ಲಿ ಸ್ಕ್ಯಾನ್ ಮಾಡಿ ಆ ಪಾಠದ ವಿಡಿಯೋ ಡೌನ್‌ಲೋಡ್ ಮಾಡಿಟ್ರೆ ಆಮೇಲೆ ನೆಟ್ ಇಲ್ದೇನೂ ಓಡತ್ತೆ. ಕಥೆಗೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಇದೆ, 2015ರಿಂದ ಉಚಿತವಾಗೇ ಇದೆ, ಕನ್ನಡ ಕಥೆ ಬೇಕಾದಷ್ಟು ಸಿಗತ್ತೆ, ಓದೋ ಮಟ್ಟ 1ರಿಂದ 4ರವರೆಗೆ ಹಾಕಿರ್ತಾರೆ, ಶುರುವಿಗೆ 1ನೇ ಮಟ್ಟದ್ದೇ ತಗೊಳ್ಳಿ. ಗಣಿತಕ್ಕೆ ಅಕ್ಷರ ಫೌಂಡೇಶನ್‌ನ ಬಿಲ್ಡಿಂಗ್ ಬ್ಲಾಕ್ಸ್, ಅದೂ ಕನ್ನಡದಲ್ಲಿದೆ. ಇಷ್ಟು ಮೂರು ಸಾಕು, ಇಪ್ಪತ್ತು ಆ್ಯಪ್ ತುಂಬಿದ್ರೆ ಮಕ್ಕಳು ಐಕಾನ್ ಒತ್ತೋದ್ರಲ್ಲೇ ಪೀರಿಯಡ್ ಕಳೀತಾರೆ. ಆಮೇಲೆ ಏರೋಪ್ಲೇನ್ ಮೋಡ್ ಹಾಕಿ, ಸೆಟ್ಟಿಂಗ್ಸಲ್ಲಿ ಸೆಕ್ಯುರಿಟಿ ಕೆಳಗೆ ಆ್ಯಪ್ ಪಿನ್ ಮಾಡೋದು ಇರತ್ತೆ, ಅದನ್ನ ಪಾಸ್‌ವರ್ಡ್ ಸಮೇತ ಆನ್ ಮಾಡಿ, ಬೇಕಾದ ಆ್ಯಪನ್ನ ಪಿನ್ ಮಾಡಿದ್ರೆ ಒಂದು ಆ್ಯಪ್ ಬಿಟ್ಟು ಇನ್ನೊಂದಕ್ಕೆ ಹೋಗಕ್ಕಾಗಲ್ಲ.

ಈಗ ಮುಖ್ಯವಾದ ತೊಂದರೆ. 42ರಲ್ಲಿ 17 ಕಳೆದ್ರೆ ಎಷ್ಟು ಅಂತ ಬಂದು ನಾಲ್ಕು ಉತ್ತರ ಕೊಟ್ಟಿದ್ರೆ, ಮಗು 35 ಒತ್ತತ್ತೆ, ತಪ್ಪು ಅಂದ್ರೆ 29, ಆಮೇಲೆ 25, ಹಸಿರು ಬಂತು, ಚಪ್ಪಾಳೆ ಸದ್ದೂ ಬಂತು, ಆದ್ರೆ ದಶಕ ಬಿಡಿಸೋದು (ಒಂದು ಹತ್ತನ್ನ ಹತ್ತು ಬಿಡಿ ಮಾಡ್ಕೊಳ್ಳೋದು) ಮಾತ್ರ ಇನ್ನೂ ಬರಲ್ಲ. ಅದಕ್ಕೆ ಗುಂಪಲ್ಲಿ ಕೆಲಸ ಹಂಚಿ, ಒಬ್ಬರು ಲೆಕ್ಕ ಜೋರಾಗಿ ಓದ್ಬೇಕು, ಇನ್ನೊಬ್ಬರು ಕಡ್ಡಿ ಕಟ್ಟು ಬಿಚ್ಚಿ ಸ್ಲೇಟಲ್ಲಿ ಮಾಡ್ಬೇಕು, ಮೂವರೂ ಒಪ್ಪಿದ್ಮೇಲೆ ಮಾತ್ರ ಮೂರನೆಯವರು ಒತ್ತಬೇಕು, ಮುಂದಿನ ಲೆಕ್ಕಕ್ಕೆ ಜಾಗ ಬದಲು. ನೀವು ಸ್ಕೋರ್ ನೋಡ್ಬೇಡಿ, ಸ್ಲೇಟ್ ನೋಡಿ. ಪ್ರಗತಿ ನೋಟದಲ್ಲಿ (ಯಾವ ಮಗು ಎಲ್ಲಿವರೆಗೆ ಕಲಿತಿದೆ ಅಂತ ತೋರಿಸೋ ಪಟ್ಟಿ) ಗುರುತು ಹಾಕೋದೂ ಸ್ಲೇಟ್ ನೋಡೇ.

ನನ್ನ ಕೇಳಿದ್ರೆ ಟ್ಯಾಬಲ್ಲಿ ಎಲ್ಲಕ್ಕಿಂತ ಉಪಯೋಗ ಆಗೋದು ವಾಯ್ಸ್ ರೆಕಾರ್ಡರ್. ಮಗು ನಾಲ್ಕು ಸಾಲು ಓದಿ ರೆಕಾರ್ಡ್ ಮಾಡ್ಲಿ, ಆಮೇಲೆ ಪುಸ್ತಕದ ಮೇಲೆ ಬೆರಳಿಟ್ಕೊಂಡು ತನ್ನ ಧ್ವನಿ ತಾನೇ ಕೇಳ್ಲಿ. ಒತ್ತಕ್ಷರ ಬಿಟ್ಟು "ಹಕ್ಕಿ"ನ "ಹಕಿ" ಅಂತ ಓದಿದ್ರೆ ನಾವು ತಿದ್ದೋಕ್ ಮುಂಚೆ ಅದಕ್ಕೇ ಗೊತ್ತಾಗಿ "ಮಿಸ್, ಇನ್ನೊಂದ್ಸಲ ಓದ್ತೀನಿ" ಅನ್ನತ್ತೆ. ಜೂನ್‌ದೂ ನವೆಂಬರ್‌ದೂ ಎರಡೂ ಇಟ್ಕೊಂಡಿದ್ದು ಪೋಷಕರ ಸಭೆಯಲ್ಲಿ ಕೇಳ್ಸಿ, ಓದಕ್ಕೆ ಬರದ ತಂದೆ ತಾಯಿಗೂ ಮಗು ಎಷ್ಟು ಮುಂದೆ ಬಂದಿದೆ ಅಂತ ಅರ್ಥ ಆಗತ್ತೆ.

ಆ್ಯಪಲ್ಲಿ ಹೆಸರು ಕೇಳಿದ್ರೆ "ಮಲ್ಲಿಗೆ ಗುಂಪು" ಅಂತ ಹಾಕಿ, ಮಗುವಿನ ಹೆಸರು, ಫೋಟೋ, ಹುಟ್ಟಿದ ದಿನ ಹಾಕ್ಬೇಡಿ. 2023ರ ಡೇಟಾ ಸಂರಕ್ಷಣಾ ಕಾಯ್ದೆಯಲ್ಲೂ ಮಕ್ಕಳ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಅಂತಿದೆ. ಜಾಹೀರಾತು ಬರೋ ಆ್ಯಪ್ ಎಷ್ಟೇ ಚೆನ್ನಾಗಿದ್ರೂ ಬೇಡ.

ಬಿಸಿಯೂಟಕ್ಕೆ ಮುಂಚಿನ ಪೀರಿಯಡಲ್ಲೇ ಇಟ್ಕೊಳ್ಳಿ, ಊಟ ಆದ್ಮೇಲೆ ಕೈ ಜಿಡ್ಡು. ಟ್ಯಾಬ್ ಹಿಂದೆ ನಂಬರ್ ಬರೆದು ಸ್ಟಾಕ್ ರಿಜಿಸ್ಟರಲ್ಲಿ ಏರಿಸಿ, ಸಂಜೆ ಬೀರುಗೆ ಇಡೋಕ್ ಮುಂಚೆ ಚಾರ್ಜ್ ಮಾಡ್ಬಿಡಿ, ಬೆಳಿಗ್ಗೆ ಕರೆಂಟ್ ಇರತ್ತೋ ಇಲ್ವೋ.