ಹಳೆಯ ಜಪಾನಿ ಎಲೆಕ್ಟ್ರಿಕ್ ಗಿಟಾರ್ ಕೊಳ್ಳುವ ಮುನ್ನ

1960ರಿಂದ 80ರ ದಶಕದವರೆಗೆ ಜಪಾನಿನ ಕಾರ್ಖಾನೆಗಳು ಅಮೆರಿಕ ಮತ್ತು ಯುರೋಪಿಗೆ ರಾಶಿ ರಾಶಿ ಎಲೆಕ್ಟ್ರಿಕ್ ಗಿಟಾರ್‌ಗಳನ್ನು ಕಳಿಸಿದವು. ಅವುಗಳಲ್ಲಿ ಕೆಲವು ಇಂದಿನ ದುಬಾರಿ ವಾದ್ಯಗಳ ಪಕ್ಕದಲ್ಲಿ ನಿಲ್ಲುವಷ್ಟು ಚೆನ್ನಾಗಿವೆ, ಇನ್ನು ಕೆಲವು ಗೋಡೆಗೆ ನೇತುಹಾಕಲು ಮಾತ್ರ ಲಾಯಕ್ಕು. ಹೆಡ್‌ಸ್ಟಾಕ್ (ತಂತಿ ಬಿಗಿಸುವ ತಿರುಗಣಿಗಳಿರುವ ಗಿಟಾರಿನ ತಲೆ) ಮೇಲಿನ ಹೆಸರು ನೋಡಿ ಯಾವುದು ಯಾವುದೆಂದು ಹೇಳಲಾಗದು, ಏಕೆಂದರೆ ಅಂದು ಕಾರ್ಖಾನೆ ಒಂದಾದರೆ ಹೆಸರು ಹತ್ತು. ಮಾತ್ಸುಮೊಟೊ ನಗರದ ಮಾತ್ಸುಮೊಕು 1987ರಲ್ಲಿ ಮುಚ್ಚುವವರೆಗೆ ಆರಿಯಾ, ವೆಸ್ಟೋನ್, ಎಲೆಕ್ಟ್ರಾ, ಎಪಿಫೋನ್ ಎಲ್ಲಕ್ಕೂ ಗಿಟಾರ್ ಮಾಡಿಕೊಟ್ಟಿತು. ಅದೇ ಊರಿನ ಫುಜಿಗೆನ್ ಇಬಾನೆಜ್ ಮತ್ತು ಗ್ರೆಕೊ ಗಿಟಾರ್‌ಗಳನ್ನು ಮಾಡುತ್ತಿತ್ತು. 1982ರಲ್ಲಿ ಶುರುವಾದ ಫೆಂಡರ್ ಜಪಾನ್‌ಗೂ ಮೊದಲು ಮಾಡಿಕೊಟ್ಟದ್ದು ಅದೇ. ಟೀಸ್ಕೊ ಕಂಪನಿ 1967ರಲ್ಲಿ ಕವಾಯ್ ಪಾಲಾಯಿತು. ಅದರ ಗಿಟಾರ್‌ಗಳು ಅಮೆರಿಕದಲ್ಲಿ ಟೀಸ್ಕೊ ಡೆಲ್ ರೇ, ಸಿಲ್ವರ್‌ಟೋನ್, ಕಿಂಗ್‌ಸ್ಟನ್ ಎಂಬ ಹೆಸರುಗಳಲ್ಲೂ ಮಾರಾಟವಾದವು.

ಮಾರುವವರು 'ಲಾಸೂಟ್ (ದಾವೆಯ) ಗಿಟಾರ್' ಎಂದು ಬೆಲೆ ಏರಿಸಿದರೆ ಕೇಳಿಸಿಕೊಂಡು ಸುಮ್ಮನಿರಿ. ಅಮೆರಿಕದ ಗಿಟಾರ್ ಕಂಪನಿ ಗಿಬ್ಸನ್‌ನ ಒಡೆತನ ಹೊಂದಿದ್ದ ನಾರ್ಲಿನ್ 1977ರಲ್ಲಿ ಇಬಾನೆಜ್‌ನ ಅಮೆರಿಕದ ಅಂಗಸಂಸ್ಥೆ ಎಲ್ಗರ್ ಮೇಲೆ ಹೂಡಿದ ದಾವೆ ಒಂದೇ ಒಂದು. ಅದೂ ಹೆಡ್‌ಸ್ಟಾಕ್ ಆಕಾರದ ಬಗ್ಗೆ. 1978ರಲ್ಲಿ ನ್ಯಾಯಾಲಯದ ಹೊರಗೇ ರಾಜಿಯಾಯಿತು. ಆ ಕಾಲದ ಎಲ್ಲ ಜಪಾನಿ ನಕಲುಗಳಿಗೂ ಈ ಹೆಸರು ಅಂಟಿಸುವುದು ವ್ಯಾಪಾರದ ಮಾತು, ಅದರಿಂದ ಮರದ ಗುಣ ಬದಲಾಗದು.

ವರ್ಷ ಪತ್ತೆ ಮಾಡಲು ಸೀರಿಯಲ್ ನಂಬರ್ ಕೆಲವು ಕಡೆ ಮಾತ್ರ ನೆರವಾಗುತ್ತದೆ. 1975ರ ಕೊನೆಯ ಭಾಗದಿಂದ ಫುಜಿಗೆನ್ ಮಾಡಿದ ಇಬಾನೆಜ್‌ಗಳಲ್ಲಿ ಮೊದಲ ಅಕ್ಷರ ತಿಂಗಳು (ಎ ಅಂದರೆ ಜನವರಿ, ಎಲ್ ಅಂದರೆ ಡಿಸೆಂಬರ್), ಮುಂದಿನ ಎರಡು ಅಂಕಿ ವರ್ಷ. 'ಸಿ77' ಎಂದಿದ್ದರೆ 1977ರ ಮಾರ್ಚ್. ಫೆಂಡರ್ ಜಪಾನ್‌ನ 'ಜೆವಿ' ಸರಣಿ 1982ರಿಂದ 84ರದು, 'ಎಸ್‌ಕ್ಯು' 1983–84ರದು. ಹೆಡ್‌ಸ್ಟಾಕಿನಲ್ಲೋ ನೆಕ್ಕಿನ (ಗಿಟಾರಿನ ಉದ್ದ ಕುತ್ತಿಗೆಯ) ಬುಡದಲ್ಲೋ 'ಕ್ರಾಫ್ಟೆಡ್ ಇನ್ ಜಪಾನ್' ಎಂದಿರುವ ಫೆಂಡರ್ 1990ರ ದಶಕದ ಕೊನೆಯಿಂದೀಚಿನದು, ಅದಕ್ಕೆ 80ರ ದಶಕದ ಬೆಲೆ ಕೊಡಬೇಡಿ. 'ಸ್ಟೀಲ್ ರೀಇನ್‌ಫೋರ್ಸ್ಡ್ ನೆಕ್, ಮೇಡ್ ಇನ್ ಜಪಾನ್' ಎಂಬ ನೆಕ್ ಪ್ಲೇಟ್ (ನೆಕ್ ಬಾಡಿಗೆ ಸೇರುವ ಕಡೆ ಹಿಂದಿರುವ ಲೋಹದ ತಗಡು) ಹಲವು ಕಾರ್ಖಾನೆಗಳ ಅಗ್ಗದ ಗಿಟಾರ್‌ಗಳಲ್ಲಿ ಸಿಗುತ್ತದೆ. ಅದರ ಮೇಲಿನ ನಂಬರಿನಿಂದ ವರ್ಷ ಹೇಳುವವರನ್ನು ನಂಬಬೇಡಿ. ಅಂಥ ಕಡೆ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ), ತಂತಿ ಬಿಗಿಸುವ ಟ್ಯೂನರ್ ತಿರುಗಣಿ, ಟ್ರೆಮೊಲೊ (ಸ್ವರ ಅಲುಗಿಸುವ ಹಿಡಿಕೆಯ ಜೋಡಣೆ) ಆಕಾರಗಳನ್ನು ಹಳೆಯ ಕ್ಯಾಟಲಾಗ್ ಚಿತ್ರಗಳ ಜೊತೆ ಹೋಲಿಸುವುದೊಂದೇ ದಾರಿ.

ನೋಡಲು ಹೋಗುವಾಗ ಟಾರ್ಚ್, ಮಲ್ಟಿಮೀಟರ್, ಶ್ರುತಿ ನೋಡುವ ಟ್ಯೂನರ್, ಒಂದು ಕೇಬಲ್, ವರ್ನಿಯರ್ ಕ್ಯಾಲಿಪರ್ ಮತ್ತು 010 ಗೇಜಿನ ಒಂದು ಬಿಡಿ ತಂತಿ ಒಯ್ಯಿರಿ. ಜಪಾನಿ ಅಳತೆಯ, ಅಂದರೆ ಜೆಐಎಸ್ ಸ್ಕ್ರೂಡ್ರೈವರ್ ಸಿಕ್ಕರೆ ಇನ್ನೂ ಒಳ್ಳೆಯದು. ಮಾಮೂಲಿ ಫಿಲಿಪ್ಸ್ ತುದಿ ಈ ಹಳೆಯ ಸ್ಕ್ರೂಗಳ ತಲೆಯಲ್ಲಿ ಜಾರಿ, ಚಡಿಯನ್ನು ಸವೆಸಿಬಿಡುತ್ತದೆ.

ನೆಕ್ಕೇ ಎಲ್ಲಕ್ಕಿಂತ ಮುಖ್ಯ. ಪಿಕಪ್ ಬದಲಿಸಬಹುದು, ಬಣ್ಣ ಹೊಡೆಸಬಹುದು, ಆದರೆ ತಿರುಚಿದ ನೆಕ್ಕಿಗೆ ಬದಲಿ ಸಿಗುವುದು ಅಪರೂಪ. ಗಿಟಾರನ್ನು ಶ್ರುತಿ ಮಾಡಿ, ಮೊದಲ ತಂತಿಯನ್ನು ಒಂದನೇ ಫ್ರೆಟ್‌ನಲ್ಲೂ (ಫ್ರೆಟ್ ಅಂದರೆ ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ನೆಕ್ ಬಾಡಿಗೆ ಸೇರುವ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ಏಳು ಅಥವಾ ಎಂಟನೇ ಫ್ರೆಟ್ಟಿನ ತಲೆಗೂ ತಂತಿಗೂ ನಡುವೆ ನೀವು ತಂದ 010 ತಂತಿ ತೂರಬೇಕು. ಅದು 0.25 ಮಿ.ಮೀ. ದಪ್ಪ, ಸರಿಯಾದ ಬಾಗು ಸುಮಾರು ಅಷ್ಟೇ. ಆರನೇ ತಂತಿಯಲ್ಲೂ ಹೀಗೇ ಮಾಡಿ. ಎರಡೂ ಬದಿಯಲ್ಲಿ ಅಳತೆ ಬಹಳ ಬೇರೆ ಬಂದರೆ ನೆಕ್ ತಿರುಚಿದೆ ಎಂದೇ ತಿಳಿಯಿರಿ.

ಬಾಗು ಹೆಚ್ಚಿದ್ದರೆ ಟ್ರಸ್ ರಾಡ್ (ನೆಕ್ಕಿನೊಳಗೆ ಬಾಗು ಹೊಂದಿಸುವ ಲೋಹದ ಸರಳು) ನಟ್ ತಿರುಗಿಸಿ ತೋರಿಸಲು ಮಾರುವವರನ್ನೇ ಕೇಳಿ. ಮೊದಲು ಕಾಲು ಸುತ್ತು ಸಡಿಲಿಸಿ, ಆಮೇಲೆ ಬಿಗಿಸಬೇಕು. ತಡೆಯೇ ಇಲ್ಲದೆ ಸುತ್ತಿದರೆ ರಾಡ್ ತುಂಡಾಗಿದೆ ಅಥವಾ ತಿರುಪು ಹೋಗಿದೆ. ನಟ್ ಪೂರ್ತಿ ಬಿಗಿದಿದ್ದರೂ ಬಾಗು ಉಳಿದಿದ್ದರೆ ಸರಿಪಡಿಸಲು ಜಾಗ ಉಳಿದಿಲ್ಲ. 60ರ ದಶಕದ ಅಗ್ಗದ ಕೆಲವು ಮಾದರಿಗಳಲ್ಲಿ ಹೊಂದಿಸಬಲ್ಲ ರಾಡೇ ಇಲ್ಲ. ಅವುಗಳ ನೆಕ್ ಇಂದಿಗೂ ನೆಟ್ಟಗಿದ್ದರೆ ಮಾತ್ರ ಕೊಳ್ಳಿ. ನೆಕ್ಕಿನ ಬಹುಭಾಗ ನೆಟ್ಟಗಿದ್ದು ಬಾಡಿ ಹತ್ತಿರದ ಕೊನೆ ಮೇಲೆದ್ದಿದ್ದರೆ ಟ್ರಸ್ ರಾಡ್ ಏನೂ ಮಾಡದು, ಅಲ್ಲಿನ ಫ್ರೆಟ್‌ಗಳನ್ನು ಕಿತ್ತು ಹಲಗೆ ಉಜ್ಜಬೇಕಾಗುತ್ತದೆ. ನೆಕ್ಕಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯ (ಅದಕ್ಕೂ ನಟ್ ಎಂದೇ ಹೆಸರು) ಹಿಂದೆ, ಹೆಡ್‌ಸ್ಟಾಕ್ ಶುರುವಾಗುವ ಕಡೆ ಟಾರ್ಚ್ ಓರೆಯಾಗಿ ಹಿಡಿದು ಕೂದಲೆಳೆಯಂಥ ಬಿರುಕಿಗಾಗಿ ಹುಡುಕಿ. ಹಿಂದಕ್ಕೆ ವಾಲಿದ ಹೆಡ್‌ಸ್ಟಾಕ್ ಇರುವ, ಗಿಬ್ಸನ್‌ನ ಲೆಸ್ ಪಾಲ್ ಮಾದರಿಯ ನಕಲುಗಳು ಬಿದ್ದಾಗ ಮುರಿಯುವುದು ಅಲ್ಲೇ.

ನೆಕ್ ಅಂಟಿಸಿದ್ದೋ ನಾಲ್ಕು ಸ್ಕ್ರೂಗಳಲ್ಲಿ ಕೂರಿಸಿದ್ದೋ (ಬೋಲ್ಟ್-ಆನ್) ನೋಡಿ. ಇಬಾನೆಜ್ ಹೆಸರಿನಲ್ಲೇ ಎರಡು ಬಗೆಯ ಲೆಸ್ ಪಾಲ್ ನಕಲುಗಳಿವೆ. ಬೋಲ್ಟ್-ಆನ್ ನೆಕ್ಕಿನ ಅಗ್ಗದ ನಕಲುಗಳಲ್ಲಿ ಮುಂಭಾಗ ಸಾಮಾನ್ಯವಾಗಿ ಒತ್ತಿ ಬಗ್ಗಿಸಿದ ಪ್ಲೈವುಡ್, ಅದರ ಕೆಳಗೆ ಟೊಳ್ಳು. ಬೆರಳಲ್ಲಿ ತಟ್ಟಿದರೆ ಡಬ್ಬದ ಸದ್ದು ಬರುತ್ತದೆ. ಅನುಮಾನವಿದ್ದರೆ ಪಿಕಪ್ ಸ್ಕ್ರೂ ಬಿಚ್ಚಿ ಗುಂಡಿಯ ಗೋಡೆ ನೋಡಿ, ಪದರಗಳು ಕಾಣುತ್ತವೆ. ಅಂಟಿಸಿದ ನೆಕ್ ಇದ್ದರೆ ಬ್ರಿಡ್ಜ್ (ಬಾಡಿಯ ಮೇಲೆ ತಂತಿಗಳು ಕೂರುವ ಭಾಗ) ಎತ್ತರವನ್ನೂ ಗಮನಿಸಿ. ಬ್ರಿಡ್ಜನ್ನು ಪೂರ್ತಿ ಕೆಳಗಿಳಿಸಿಯೂ ಹನ್ನೆರಡನೇ ಫ್ರೆಟ್‌ನಲ್ಲಿ ತಂತಿ 2 ಮಿ.ಮೀ.ಗಿಂತ ಬಹಳ ಎತ್ತರದಲ್ಲಿದ್ದರೆ ನೆಕ್ಕಿನ ಕೋನವೇ ತಪ್ಪಿದೆ. ಬೋಲ್ಟ್-ಆನ್‌ನಲ್ಲಿ ಇದಕ್ಕೆ ಶಿಮ್, ಅಂದರೆ ತೆಳು ಪಟ್ಟಿ, ಇಟ್ಟರೆ ಸಾಕು, ಅಂಟಿಸಿದ್ದರಲ್ಲಿ ಅದು ದೊಡ್ಡ ರಿಪೇರಿ.

ಫ್ರೆಟ್ ಎತ್ತರವನ್ನು ಕ್ಯಾಲಿಪರ್‌ನಲ್ಲಿ ಅಳೆಯಿರಿ. ಹೊಸ ಮಧ್ಯಮ ಫ್ರೆಟ್ ಸುಮಾರು 1.1 ಮಿ.ಮೀ. ಇರುತ್ತದೆ. 0.6ಕ್ಕಿಂತ ಕಡಿಮೆಯಾದರೆ ಉಜ್ಜಿ ಸಮ ಮಾಡಲು ಉಳಿದಿರುವುದು ಅಲ್ಪ, ಹೊಸ ಫ್ರೆಟ್ ಹಾಕಿಸುವ ಖರ್ಚನ್ನು ಬೆಲೆಯಿಂದ ಕಳೆಯಿರಿ. ಅಗ್ಗದ ಟೀಸ್ಕೊಗೆ ಆ ಖರ್ಚು ಗಿಟಾರಿನ ಬೆಲೆಯನ್ನೇ ಮುಟ್ಟಬಹುದು.

ಪಿಕಪ್ ಪರೀಕ್ಷೆಗೆ ಆಂಪ್ ಇಲ್ಲದಿದ್ದರೂ ನಡೆಯುತ್ತದೆ. ಕೇಬಲ್ ಚುಚ್ಚಿ, ವಾಲ್ಯೂಮ್ ಪೂರ್ತಿ ಏರಿಸಿ, ಮಲ್ಟಿಮೀಟರನ್ನು 20 ಕಿಲೊ ಓಮ್‌ಗೆ ಇಟ್ಟು ಪ್ಲಗ್ಗಿನ ತುದಿಗೂ ಬುಡಕ್ಕೂ ಮುಟ್ಟಿಸಿ. ಸಾಮಾನ್ಯವಾಗಿ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ ಪಿಕಪ್) 5.5ರಿಂದ 6.5, ಹಂಬಕರ್ (ಎರಡು ಸುರುಳಿಯದು) 7.5ರಿಂದ 8.5 ತೋರಿಸುತ್ತವೆ. ಟೀಸ್ಕೊ ಮೊದಲಾದವುಗಳ ಪಿಕಪ್‌ಗಳಲ್ಲಿ ಅಂಕಿ ಬೇರೆ ಬರಬಹುದು, ಅಲ್ಲಿ ಸ್ಥಿರ ಅಂಕಿ ಬಂದರೆ ಸಾಕು. ಏನೂ ತೋರಿಸದಿದ್ದರೆ ಸುರುಳಿ ತುಂಡಾಗಿದೆ ಅಥವಾ ಸ್ವಿಚ್ಚು ಕೆಟ್ಟಿದೆ, ಸ್ವಿಚ್ಚನ್ನು ಹತ್ತಾರು ಬಾರಿ ಆಡಿಸಿ ಮತ್ತೆ ನೋಡಿ. ಒಂದೇ ಥರದ ಎರಡು ಪಿಕಪ್ ಇದ್ದು ಸ್ವಿಚ್ ನಡುವೆ ಇದ್ದರೆ ಮೀಟರಿನ ಅಂಕಿ ಅರ್ಧದಷ್ಟಾಗಬೇಕು. ಆಂಪ್ ಇದ್ದಾಗ ಅದೇ ನಡು ಸ್ಥಾನದಲ್ಲಿ ನಾದ ತೆಳುವಾಗಿ ಮೂಗಿನಿಂದ ಬಂದಂತಿದ್ದರೆ ಯಾರೋ ಒಂದು ಪಿಕಪ್ ಬದಲಿಸಿ ತಂತಿ ಉಲ್ಟಾ ಬೆಸೆದಿರುತ್ತಾರೆ.

ಹಿಂದಿನ ಮುಚ್ಚಳ ತೆಗೆದು ಬೆಸುಗೆ ನೋಡಿ. ಪಾಟ್ (ವಾಲ್ಯೂಮ್, ಟೋನ್ ಗುಂಡಿಯ ಕೆಳಗಿನ ನಿಯಂತ್ರಕ) ಮೇಲೆ 137 ಅಥವಾ 304ರಿಂದ ಶುರುವಾಗುವ ಅಂಕಿ ಕಂಡರೆ ಅದು ಅಮೆರಿಕದ ಪಾಟ್ (ಸಿಟಿಎಸ್ ಅಥವಾ ಸ್ಟ್ಯಾಕ್‌ಪೋಲ್). ಜಪಾನಿ ಗಿಟಾರಿನಲ್ಲಿ ಅದು ಆಮೇಲೆ ಹಾಕಿದ್ದಾಗಿರುವ ಸಾಧ್ಯತೆ ಹೆಚ್ಚು. ಬದಲಿ ಪಾಟ್ ಕೆಟ್ಟದ್ದೇನಲ್ಲ, ಆದರೆ 'ಪೂರ್ತಿ ಒರಿಜಿನಲ್' ಎಂಬ ಬೆಲೆ ಇನ್ನು ನಿಲ್ಲದು. ಟ್ಯೂನರ್ ಸುತ್ತ ತುಂಬಿದ ಹಳೆಯ ಸ್ಕ್ರೂ ತೂತುಗಳೂ ಇದನ್ನೇ ಹೇಳುತ್ತವೆ.

ಫ್ರೆಟ್‌ಬೋರ್ಡ್ ಬ್ರೆಜಿಲಿಯನ್ ರೋಸ್‌ವುಡ್ ಎಂದು ಮಾರುವವರು ಹೆಮ್ಮೆಪಟ್ಟರೆ ಜಾಗ್ರತೆ. ಆ ಮರ 1992ರಿಂದ ಸೈಟಿಸ್ (ಅಳಿವಿನ ಭೀತಿಯ ಪ್ರಾಣಿ-ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ) ಒಪ್ಪಂದದ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ, ಗಡಿ ದಾಟಿಸಲು ಕಾಗದಪತ್ರ ಬೇಕು. ನಮ್ಮ ಪಶ್ಚಿಮ ಘಟ್ಟದ ಬೀಟೆ ಮರದ ಬೋರ್ಡ್ ಆದರೆ ಪೂರ್ತಿ ತಯಾರಾದ ವಾದ್ಯಗಳಿಗೆ 2019ರಿಂದ ಆ ಒಪ್ಪಂದದಡಿ ವಿನಾಯಿತಿ ಇದೆ.

ಕೊನೆಗೆ ಬಿಡಿಭಾಗ. ಟೀಸ್ಕೊ ಟ್ರೆಮೊಲೊದ ಹಿಡಿಕೆ ಅಥವಾ ಬ್ರಿಡ್ಜ್ ಕಳೆದಿದ್ದರೆ ಹೊಂದುವುದು ಸಿಗುವುದು ಕಷ್ಟ. ಜಪಾನಿ ಬ್ರಿಡ್ಜಿನ ಕಂಬಗಳು ಮೆಟ್ರಿಕ್ ತಿರುಪಿನವು, ಅಮೆರಿಕದ ಬದಲಿ ಭಾಗ ಕೂರುವುದಿಲ್ಲ. ವಾಲ್ಯೂಮ್, ಟೋನ್ ಗುಂಡಿಗಳ ಕಥೆಯೂ ಅದೇ, ಪಾಟಿನ ತುದಿಯ ಹಲ್ಲುಗಳ ಲೆಕ್ಕ ಬೇರೆ. ಕೊಂಡ ಮೇಲೆ ಮಂಗಳೂರಿನಂಥ ತೇವದ ಊರಿಗೆ ತಂದರೆ ಎರಡು ವಾರ ಬಿಟ್ಟು ನೆಕ್ಕಿನ ಬಾಗು ಮತ್ತೆ ಅಳೆಯಿರಿ, ಆಮೇಲೆ ಮಾತ್ರ ಸೆಟಪ್‌ಗೆ ಕೊಡಿ.